ಬಸುರಿಯ ಮನೆಯ ಗಾಳಿ, ನೀರು, ಅನ್ನ: ಮಗುವಿನ ಹೃದಯಕ್ಕಾಗಿ ಎಲ್ಲಿಂದ ಶುರು ಮಾಡಬೇಕು?

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದಲೇ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ನಮ್ಮ ಪುಣ್ಯ, ಆ ರಿಜಿಸ್ಟರುಗಳನ್ನು ಯಾರೂ ರದ್ದಿಗೆ ಹಾಕಲಿಲ್ಲ. ದಶಕಗಳು ಕಳೆದ ಮೇಲೆ ಸಂಶೋಧಕರು ಅವನ್ನು ಹಿಡಿದುಕೊಂಡು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ, ಅವರ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ದಾಟಿ ಹುಟ್ಟಿದವರಲ್ಲಿ ಅದು ನೂರಕ್ಕೆ 3. ಮಗುವಿನ ತೂಕವೂ ಕಡಿಮೆ, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದ ಗುಂಪಿನಲ್ಲಿ ನೂರಕ್ಕೆ 20.

ಐವತ್ತನೇ ವಯಸ್ಸಿನ ಎದೆನೋವಿನ ಬೇರು ಹೆರಿಗೆ ಕೋಣೆಗಿಂತಲೂ ಹಿಂದೆ ಇರಬಹುದು ಎಂಬ ಮಾತನ್ನು ಇಂಗ್ಲೆಂಡಿನ ಡೇವಿಡ್ ಬಾರ್ಕರ್ 1980ರ ದಶಕದಲ್ಲಿ ಹೇಳಿದಾಗ ಬಹಳ ಮಂದಿ ನಂಬಿರಲಿಲ್ಲ. ಈಗ ಅದರ ಒಳಗುಟ್ಟು ಸ್ವಲ್ಪ ಗೊತ್ತಾಗಿದೆ. ಹೊಟ್ಟೆಯಲ್ಲಿರುವ ಮಗುವಿಗೆ ಪೋಷಣೆಯೋ ಆಮ್ಲಜನಕವೋ ಸಾಲದೆ ಬಂದರೆ ಮೊದಲ ಪಂಕ್ತಿಯಲ್ಲಿ ಊಟ ಮಿದುಳಿಗೆ. ಮೂತ್ರಪಿಂಡ, ಮೇದೋಜೀರಕ, ಸ್ನಾಯುಗಳು ಕೊನೆಯ ಪಂಕ್ತಿಯವು, ಉಳಿದದ್ದರಲ್ಲಿ ಸಂಭಾಳಿಸಬೇಕು. ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನುಗಳು ಬಸುರಿನ ಸುಮಾರು 36ನೇ ವಾರದವರೆಗೆ ಮಾತ್ರ ಹುಟ್ಟುತ್ತವೆ. ಆಮೇಲೆ ಜೀವಮಾನವಿಡೀ ಒಂದೂ ಹೊಸದು ಸೇರುವುದಿಲ್ಲ. ಕಡಿಮೆ ನೆಫ್ರಾನುಗಳೊಂದಿಗೆ ಹುಟ್ಟಿದ ಮಗುವಿಗೆ ಮುಂದೆ ಬಿಪಿ ಏರುವ ಸಾಧ್ಯತೆ ಹೆಚ್ಚು. ಇನ್ಸುಲಿನ್ ಮಾಡುವ ಕೋಶಗಳ ಕತೆಯೂ ಹೀಗೆಯೇ.

ಇದು ಸಾಧ್ಯತೆಯ ಮಾತು, ಹಣೆಬರಹವಲ್ಲ. ಮೇಲಿನ ಲೆಕ್ಕವನ್ನೇ ತಿರುಗಿಸಿ ಓದಿ: ಎರಡೂವರೆ ಕಿಲೋಗಿಂತ ಹಗುರವಾಗಿ ಹುಟ್ಟಿದ ನೂರರಲ್ಲಿ 89 ಮಂದಿಗೆ ಆ ಕಾಯಿಲೆ ಇರಲಿಲ್ಲ.

ಈ ಬರಹ ಬರೆಯಲು ಕಾರಣ ನಮ್ಮ ಮನೆಯದೇ. ತಂಗಿ ಬಸುರಿ ಎಂದು ಗೊತ್ತಾದ ವಾರದಲ್ಲೇ ವಾಟ್ಸಾಪಿನಲ್ಲಿ ‘ಇದು ಮುಟ್ಟಬೇಡಿ, ಅದು ತಿನ್ನಬೇಡಿ’ ಎಂಬ ಪಟ್ಟಿಗಳು ಸುರಿದವು. ಅವಳು ಪ್ಲಾಸ್ಟಿಕ್ ನೀರಿನ ಬಾಟಲಿಗೆ ಹೆದರಿ ತಾಮ್ರದ ಚೊಂಬು ತರಿಸಿದಳು. ಸಕ್ಕರೆ ಪರೀಕ್ಷೆಯನ್ನು ಮಾತ್ರ ಎರಡು ಸಲ ಮುಂದೂಡಿದಳು. ಪಟ್ಟಿ ಉದ್ದವಾದಷ್ಟೂ ಭಯ ಬೆಳೆಯುತ್ತದೆ, ಕೆಲಸ ನಿಲ್ಲುತ್ತದೆ. ಆದ್ದರಿಂದ ಇಲ್ಲಿರುವುದು ಸರದಿ: ಯಾವುದಕ್ಕೆ ಗಟ್ಟಿ ಪುರಾವೆ ಇದೆ, ಯಾವುದು ನಿಮ್ಮ ಕೈಯಲ್ಲಿದೆ, ಅದು ಮೊದಲು. ಮತ್ತೊಂದು ಮಾತು. ಇದರಲ್ಲಿ ಅರ್ಧ ಕೆಲಸ ಗಂಡನದು, ಅತ್ತೆ ಮಾವನದು, ಮನೆ ಮಾಲೀಕರದು. ಬಸುರಿಯ ಮುಂದೆ ಓದಿ ಅವಳನ್ನೇ ಕಟಕಟೆಯಲ್ಲಿ ನಿಲ್ಲಿಸಲು ಇದನ್ನು ಬಳಸಬೇಡಿ.

ಮೊದಲ ಹೆಜ್ಜೆ: ಬಸುರಿಗೂ ಮುಂಚೆ ಒಂದು ಸಲ ಡಾಕ್ಟರ ಬಳಿ ಹೋಗಿ

ಮಗುವಿನ ಹೃದಯ ರೂಪುಗೊಳ್ಳುವುದು ಗರ್ಭ ಕಟ್ಟಿದ ಮೂರನೇ ವಾರದಿಂದ ಎಂಟನೇ ವಾರದೊಳಗೆ. ಮುಟ್ಟು ತಪ್ಪಿತು, ನಾಲ್ಕು ದಿನ ನೋಡೋಣ ಎಂದು ಕಾಯುವಾಗಲೇ ಅದು ಮಿಡಿಯಲು ಶುರು ಮಾಡಿರುತ್ತದೆ. ಹಾಗಾಗಿ ಹುಟ್ಟಿನಿಂದಲೇ ಬರುವ ಹೃದಯದ ದೋಷಗಳ ವಿಷಯದಲ್ಲಿ ‘ಗೊತ್ತಾದ ಮೇಲೆ ಎಚ್ಚರಿಕೆ’ ಎಂದರೆ ಅಷ್ಟರಲ್ಲಿ ತಡವಾಗಿರುತ್ತದೆ.

ಮಗು ಬೇಕೆಂದು ಯೋಚಿಸುತ್ತಿರುವವರು ರಕ್ತದ ಸಕ್ಕರೆ, ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿಕೊಳ್ಳಿ. ಸಾಧ್ಯವಿದ್ದರೆ ವಿಟಮಿನ್ ಬಿ12 ಕೂಡ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರು ಅದನ್ನು ಹತೋಟಿಗೆ ತಂದುಕೊಂಡ ಮೇಲೆಯೇ ಮುಂದುವರಿಯುವುದು ಒಳ್ಳೆಯದು. ಮೊದಲ ವಾರಗಳಲ್ಲಿ ಸಕ್ಕರೆ ಮಿತಿಮೀರಿದ್ದರೆ ಮಗುವಿನ ಹೃದಯದ ರಚನೆಯಲ್ಲೇ ದೋಷ ಬರುವ ಸಾಧ್ಯತೆ ಹೆಚ್ಚುತ್ತದೆ. ರುಬೆಲ್ಲಾ ಲಸಿಕೆ ಆಗಿದೆಯೇ ಕೇಳಿ. ಆಗಿಲ್ಲದಿದ್ದರೆ ಬಸುರಿಗೂ ಕನಿಷ್ಠ ಒಂದು ತಿಂಗಳು ಮುಂಚೆ ಹಾಕಿಸಬೇಕು, ಬಸುರಿನಲ್ಲಿ ಹಾಕುವಂತಿಲ್ಲ. ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್, ಮನೋರೋಗಕ್ಕೆ ಲಿಥಿಯಂ, ಮೊಡವೆಗೆ ಐಸೊಟ್ರೆಟಿನಾಯಿನ್, ಬಿಪಿಗೆ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರು ನೀವೇ ನಿಲ್ಲಿಸದೆ, ಬರೆದುಕೊಟ್ಟ ಡಾಕ್ಟರಿಗೆ ‘ಮಗು ಬೇಕೆಂದಿದ್ದೇವೆ’ ಎಂದು ಹೇಳಿ. ಅವರು ಬದಲಿ ಕೊಡುತ್ತಾರೆ.

ಫೋಲಿಕ್ ಆಸಿಡ್ ಶುರುವಾಗುವುದೂ ಈ ಹಂತದಲ್ಲೇ.

ಎರಡನೇ ಹೆಜ್ಜೆ: ತಾಯಿಯ ರಕ್ತವೇ ಮಗುವಿನ ಮೊದಲ ಪರಿಸರ

ಪರಿಸರ ಎಂದರೆ ಕಾರ್ಖಾನೆ ಹೊಗೆ, ಬೋರ್‌ವೆಲ್ ನೀರು ಎಂದು ನಮ್ಮ ತಲೆಯಲ್ಲಿ ಕೂತಿದೆ. ಮಗುವಿನ ಕಡೆಯಿಂದ ನೋಡಿದರೆ ಅದಕ್ಕೆ ಗೊತ್ತಿರುವ ಲೋಕ ಒಂದೇ, ಮಾಸಿನ (ಪ್ಲಾಸೆಂಟಾ) ಆಚೆ ಹರಿಯುವ ಅಮ್ಮನ ರಕ್ತ. ಆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ನೇರವಾಗಿ ಮಗುವಿಗೆ ದಾಟುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಮಗು ತನ್ನದೇ ಇನ್ಸುಲಿನ್ ಸುರಿಸಿ ಆ ಸಕ್ಕರೆಯನ್ನು ಕೊಬ್ಬಾಗಿ ಕೂಡಿಡುತ್ತದೆ.

1997–98ರಲ್ಲಿ ಅದೇ ಮಿಷನ್ ಆಸ್ಪತ್ರೆಯಲ್ಲಿ ‘ಮೈಸೂರು ಪಾರ್ಥೆನಾನ್’ ಎಂಬ ಅಧ್ಯಯನ ಶುರುವಾಯಿತು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಮೈಕೊಬ್ಬು ಮತ್ತು ರಕ್ತದ ಇನ್ಸುಲಿನ್ ಉಳಿದ ಮಕ್ಕಳಿಗಿಂತ ಹೆಚ್ಚಿದ್ದವು. ಹಲವು ದೇಶಗಳಲ್ಲಿ ನಡೆದ ‘ಹಾಪೊ’ ಅಧ್ಯಯನ ಮಕ್ಕಳನ್ನು 10–14ರ ವಯಸ್ಸಿನವರೆಗೂ ಹಿಂಬಾಲಿಸಿ ಇದೇ ದಿಕ್ಕಿನ ಉತ್ತರ ಕೊಟ್ಟಿತು.

ಮಾಡಬೇಕಾದ್ದು ಸರಳ. ಮೊದಲ ಭೇಟಿಯಲ್ಲೇ ಸಕ್ಕರೆ ಪರೀಕ್ಷೆ ಕೇಳಿ. ಸರ್ಕಾರಿ ಆಸ್ಪತ್ರೆಗಳ ಪದ್ಧತಿಯಲ್ಲಿ ಇದಕ್ಕೆ ಖಾಲಿ ಹೊಟ್ಟೆಯೂ ಬೇಡ: 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸುತ್ತಾರೆ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿನ ಸಕ್ಕರೆ ಕಾಯಿಲೆ. ಮೊದಲ ಸಲ ಸರಿಯಿದ್ದರೂ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸಲೇಬೇಕು. ಜನ ತಪ್ಪಿಸಿಕೊಳ್ಳುವುದು ಈ ಎರಡನೆಯದನ್ನು. ಆ ಹೊತ್ತಿಗೆ ವಾಂತಿ ನಿಂತಿರುತ್ತದೆ, ಬಸುರಿ ಚೆನ್ನಾಗಿ ಕಾಣುತ್ತಿರುತ್ತಾಳೆ, ಆಸ್ಪತ್ರೆಯ ಸಾಲಿನಲ್ಲಿ ಎರಡು ಗಂಟೆ ಯಾರು ಕೂರುತ್ತಾರೆ ಎನಿಸುತ್ತದೆ. ಕೂರಿ. ಗಂಡನೂ ಪಕ್ಕದಲ್ಲಿ ಕೂರಲಿ.

ಒಂದು ವಿಷಯ ಮುಚ್ಚಿಡಬಾರದು. ಸೌಮ್ಯ ಮಟ್ಟದ ಬಸುರಿನ ಸಕ್ಕರೆಗೆ ಚಿಕಿತ್ಸೆ ಕೊಟ್ಟರೆ ಮಗು ಅತಿಯಾಗಿ ದಪ್ಪವಾಗುವುದು, ಹೆರಿಗೆಯ ತೊಡಕು ಕಡಿಮೆಯಾಗುತ್ತವೆ ಎಂಬುದು ಖಚಿತ. ಆದರೆ ಆ ಮಕ್ಕಳನ್ನು ಐದಾರು ವರ್ಷ ಬಿಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ ಬೊಜ್ಜಿನ ವ್ಯತ್ಯಾಸ ಎದ್ದು ಕಾಣಲಿಲ್ಲ. ಅಂದರೆ ಹೆರಿಗೆಯ ನಂತರದ ಕೆಲಸವೂ ಅಷ್ಟೇ ಮುಖ್ಯ. ಅದಕ್ಕೆ ಕೊನೆಯಲ್ಲಿ ಬರೋಣ.

ಮೂರನೇ ಹೆಜ್ಜೆ: ತಟ್ಟೆ

‘ಇಬ್ಬರ ಊಟ ಮಾಡಬೇಕು’ ಎಂಬ ಮಾತನ್ನು ನಮ್ಮ ಅಜ್ಜಿಯರು ಹೇಳಿದ್ದು ಒಬ್ಬರ ಊಟವೂ ಸರಿಯಾಗಿ ಸಿಗದ ಕಾಲದಲ್ಲಿ. ಈಗ ಅದು ಎರಡು ಪಾಲು ಅನ್ನ, ಎರಡು ಪಾಲು ಸಿಹಿ ಎಂದಾಗಿದೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ ಹಳ್ಳಿಗಳ ಬಸುರಿಯರನ್ನು 1990ರ ದಶಕದಿಂದ ಹಿಂಬಾಲಿಸಿ ಕಂಡದ್ದು ನಮ್ಮ ಕೂಸುಗಳ ವಿಚಿತ್ರ ಮೈಕಟ್ಟು. ತೂಕ ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಕೂಸಿಗಿಂತ ಮುಕ್ಕಾಲು ಕಿಲೋದಷ್ಟು ಕಡಿಮೆ. ಆದರೆ ಸ್ನಾಯು ಕಡಿಮೆಯಿದ್ದಷ್ಟು ಕೊಬ್ಬು ಕಡಿಮೆಯಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ಅದೇ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ತಾಯಂದಿರಿಗೆ ಬಿ12 ಕೊರತೆಯಿತ್ತು. ರಕ್ತದಲ್ಲಿ ಬಿ12 ಕಡಿಮೆ, ಫೋಲೇಟ್ (ಫೋಲಿಕ್ ಆಸಿಡ್ ಇದರದೇ ರೂಪ) ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಸರಿಯಾಗಿ ನಾಟದಿರುವ ಲಕ್ಷಣ ಅತಿ ಹೆಚ್ಚು ಕಂಡಿತು. ಮೈಸೂರಿನ ಅಧ್ಯಯನದಲ್ಲೂ ನೂರಕ್ಕೆ 43 ಬಸುರಿಯರಲ್ಲಿ ಬಿ12 ಕಡಿಮೆ ಇತ್ತು.

ಇದನ್ನು ಓದಿ ಫೋಲಿಕ್ ಆಸಿಡ್ ಮಾತ್ರೆ ಬಿಡಬೇಡಿ. ಅದು ಬೆನ್ನುಹುರಿಯ ದೋಷ ತಡೆಯುತ್ತದೆ, ಬೇಕೇ ಬೇಕು. ಜೊತೆಗೆ ಬಿ12 ಬೇಕು ಎಂಬುದಷ್ಟೇ ಮಾತು. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪು, ಕಾಳುಗಳಲ್ಲಿ ಇಲ್ಲ. ಮಜ್ಜಿಗೆಯನ್ನು ನೀರಿನಂತೆ ತೆಳ್ಳಗೆ ಮಾಡಿ ಕುಡಿಯುವ ಸಸ್ಯಾಹಾರಿ ಮನೆಗಳಲ್ಲಿ ಕೊರತೆ ಸಾಮಾನ್ಯ, ಅಂಥವರಿಗೆ ಡಾಕ್ಟರು ಮಾತ್ರೆ ಕೊಡುತ್ತಾರೆ, ಕೇಳಿ ಪಡೆಯಿರಿ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದ್ದರೆ ಇನ್ನೇನು ಬೇಕು. ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಕೂಡಿಕೊಂಡಿರುತ್ತದೆ, ಅವು ಒಂಬತ್ತು ತಿಂಗಳು ಬೇಡ.

ಅಂಗನವಾಡಿಯ ‘ಮಾತೃಪೂರ್ಣ’ ಬಿಸಿಯೂಟ 2017ರಿಂದ ಇದೆ. ಮೊಟ್ಟೆ, ಹಾಲು ಸೇರಿದ ಊಟ. ‘ನಮ್ಮಂಥವರು ಅಲ್ಲಿಗೆ ಹೋಗಿ ಉಣ್ಣುವುದೇ’ ಎಂಬ ಸಂಕೋಚ ಕೆಲವು ಮನೆಗಳಲ್ಲಿದೆ. ಆ ಸಂಕೋಚದ ಬೆಲೆ ಕಟ್ಟುವುದು ಮಗು.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಬೇಡಿ. ಒಂದು ಇನ್ನೊಂದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕನಿಷ್ಠ ಎರಡು ಗಂಟೆ ಅಂತರ ಇರಲಿ, ಕಬ್ಬಿಣದ ಮಾತ್ರೆಯ ಸುತ್ತಮುತ್ತ ಕಾಫಿ ಟೀ ಬೇಡ.

ನಾಲ್ಕನೇ ಹೆಜ್ಜೆ: ಮನೆಯೊಳಗೆ ಹೊಗೆ ಎಲ್ಲಿಂದ ಬರುತ್ತದೆ, ಎಣಿಸಿ

ಬೆಲ್ಜಿಯಂನ ಹಾಸೆಲ್ಟ್ ವಿಶ್ವವಿದ್ಯಾಲಯದವರು 2019ರಲ್ಲಿ ಮಾಸಿನ ಒಳಪದರದಲ್ಲಿ, ಅಂದರೆ ಮಗುವಿನ ಕಡೆಯ ಭಾಗದಲ್ಲಿ, ಮಸಿಯ ಕಣಗಳನ್ನು ಕಂಡರು. ತಾಯಿ ಉಸಿರಾಡಿದ ಹೊಗೆ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಬಾಸ್ಟನ್ನಿನ ಮಕ್ಕಳ ಅಧ್ಯಯನವೊಂದರಲ್ಲಿ, ಬಸುರಿನ ಕೊನೆಯ ಮೂರು ತಿಂಗಳು ಹೆಚ್ಚು ಸೂಕ್ಷ್ಮ ದೂಳು ಉಸಿರಾಡಿದ ತಾಯಂದಿರ ಮಕ್ಕಳಲ್ಲಿ 3ರಿಂದ 9ರ ವಯಸ್ಸಿಗೆ ಬಿಪಿ ಏರಿರುವುದು ಹೆಚ್ಚು ಕಂಡುಬಂತು.

ಒಂದು ಹಾಳೆ ತೆಗೆದುಕೊಂಡು ನಿಮ್ಮ ಮನೆಯ ಹೊಗೆಯ ಮೂಲಗಳನ್ನು ಬರೆಯಿರಿ. ಅಡುಗೆ ಗ್ಯಾಸಿನಲ್ಲಿ ಆಗುತ್ತದೆ ಎಂದು ಅಲ್ಲಿಗೇ ನಿಲ್ಲಬೇಡಿ. ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಮುದ್ದೆ, ರೊಟ್ಟಿ ಇನ್ನೂ ಸೌದೆ ಒಲೆಯ ಮೇಲೆಯೇ. ಅದಕ್ಕಿಂತ ಮುಖ್ಯವಾಗಿ, ಬಚ್ಚಲ ಒಲೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಳಗ್ಗೆ ಹಂಡೆಗೆ ಉರಿ ಹಾಕುವಾಗ ಒದ್ದೆ ಸೌದೆ ಹತ್ತಲಿ ಎಂದು ಹಾಲಿನ ಕವರು, ಹಳೆ ಚಪ್ಪಲಿ, ಟಯರಿನ ಚೂರು ತುರುಕುವುದು ಮಲೆನಾಡಿನಿಂದ ಬಯಲುಸೀಮೆವರೆಗೆ ಎಲ್ಲ ಕಡೆ ಇದೆ. ಪ್ಲಾಸ್ಟಿಕ್ ಸುಟ್ಟ ಹೊಗೆ ಸೌದೆ ಹೊಗೆಗಿಂತ ಕೆಟ್ಟದ್ದು. ಇಂದೇ ನಿಲ್ಲಿಸಬಹುದಾದ, ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಇದು.

ಮುಂದಿನದು ಸೊಳ್ಳೆ ಬತ್ತಿ. ಒಂದು ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣ ಹೊರಬರುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಳತೆ ಹೇಳುತ್ತದೆ. ಮುಚ್ಚಿದ ಮಲಗುವ ಕೋಣೆಯಲ್ಲಿ ರಾತ್ರಿಯಿಡೀ! ಸೊಳ್ಳೆ ಪರದೆ ಕಟ್ಟಿ. ಕಿಟಕಿಗೆ ಜಾಲರಿ ಹೊಡೆಸುವುದು ಗಂಡನ ಭಾನುವಾರದ ಕೆಲಸವಾಗಲಿ. ದೇವರ ಮನೆಯ ಊದುಬತ್ತಿ, ಧೂಪಕ್ಕೂ ಇದೇ ನ್ಯಾಯ. ಬಿಡಿ ಎಂದರೆ ಮನೆಯಲ್ಲಿ ಜಗಳವಾಗುತ್ತದೆ, ನನಗೆ ಗೊತ್ತು. ದೀಪ ಹಚ್ಚಿ, ಊದುಬತ್ತಿಯನ್ನು ತುಳಸಿಕಟ್ಟೆಯ ಹತ್ತಿರ ಹೊರಗೆ ಇಡಿ. ನಮ್ಮ ಅಮ್ಮ ಇಷ್ಟಕ್ಕೆ ಒಪ್ಪಿದರು.

ಸೌದೆ ಬಿಡಲು ಸಾಧ್ಯವೇ ಇಲ್ಲದ ಮನೆಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂಥ ಹೊಗೆಕೊಳವೆ ಒಲೆಗಳು ಎಷ್ಟೋ ವಾಸಿ. ಹೊಗೆಕೊಳವೆಯ ಮಸಿ ತೆಗೆಯುತ್ತಿರಬೇಕು ಅಷ್ಟೆ. ಇಲ್ಲದಿದ್ದರೆ ಬಸುರಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಬೇರೆಯವರು ಕೂರಿ.

ಇಲ್ಲಿಯೂ ಒಂದು ಕಹಿ ಸತ್ಯ ಇದೆ. ತಮಿಳುನಾಡು ಸೇರಿದಂತೆ ನಾಲ್ಕು ದೇಶಗಳ ಹಳ್ಳಿಗಳಲ್ಲಿ ಸುಮಾರು 3,200 ಬಸುರಿಯರ ಮೇಲೆ ನಡೆದ ‘ಹೇಪಿನ್’ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ಉಚಿತ ಗ್ಯಾಸ್ ಒಲೆ, ಸಿಲಿಂಡರು ಕೊಟ್ಟರು. ಹೊಗೆ ಚೆನ್ನಾಗಿಯೇ ಇಳಿಯಿತು. ಆದರೆ 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಕೂಸುಗಳ ಜನನ ತೂಕ ಹೇಳಿಕೊಳ್ಳುವಂತೆ ಏರಲಿಲ್ಲ. ನನ್ನ ಅನಿಸಿಕೆ: ಬಸುರಿನ ಮೂರನೇ ತಿಂಗಳೋ ಐದನೇ ತಿಂಗಳೋ ಒಲೆ ಬದಲಿಸಿದರೆ ತಡವಾಯಿತು, ವರ್ಷಗಟ್ಟಲೆ ಮುಂಚೆ ಬದಲಿಸಬೇಕು. ಹೊಗೆ ಬಿಡಲು ತಾಯಿಯ ಶ್ವಾಸಕೋಶ, ಮನೆಯ ಉಳಿದ ಮಕ್ಕಳು ಸಾಕಷ್ಟು ಕಾರಣ. ಒಲೆಯೊಂದೇ ಪವಾಡ ಮಾಡುತ್ತದೆ ಎಂದು ಮಾತ್ರ ನಂಬಬೇಡಿ.

ರಸ್ತೆಯ ಗಾಳಿ ನಮ್ಮ ಕೈಯಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೂಕ್ಷ್ಮ ಕಣಗಳಿಗೆ ಹಾಕಿರುವ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 40. ಕಾನೂನಿನ ಪ್ರಕಾರ ‘ಸರಿ’ ಇರುವ ಗಾಳಿಯೂ ಸರಿಯಿಲ್ಲ ಎಂದಾಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ನೋಡಿಕೊಂಡು, ವಾಕಿಂಗನ್ನು ಮುಖ್ಯರಸ್ತೆಯಿಂದ ಒಳಗಿನ ಬೀದಿಗೆ, ಟ್ರಾಫಿಕ್ ಹೊತ್ತಿನಿಂದ ಬೇರೆ ಹೊತ್ತಿಗೆ ಬದಲಿಸಬಹುದು. ವಾಕಿಂಗನ್ನೇ ಬಿಡಬೇಡಿ.

ಐದನೇ ಹೆಜ್ಜೆ: ತಂಬಾಕು, ಎಲೆ ಅಡಿಕೆ

ಸಿಗರೇಟು ಸೇದುವ ತಾಯಂದಿರ ಮಕ್ಕಳಲ್ಲಿ ಬೊಜ್ಜು ಹೆಚ್ಚು ಎಂಬುದು ದೇಶ ದೇಶಗಳಲ್ಲಿ ಕಂಡ ಸಂಗತಿ. ನಮ್ಮಲ್ಲಿ ಸೇದುವವನು ಸಾಮಾನ್ಯವಾಗಿ ಗಂಡ. ಅವನು ಬಾಲ್ಕನಿಯಲ್ಲಿ ಸೇದಿ ಒಳಗೆ ಬಂದರೂ ಅಂಗಿಯಲ್ಲಿ, ಉಸಿರಿನಲ್ಲಿ ಅದು ಬರುತ್ತದೆ. ಹೆಂಗಸರ ತಂಬಾಕು ಬೇರೆ ರೂಪದ್ದು: ಎಲೆ ಅಡಿಕೆ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು, ಬೆಳಗಾವಿ ಕಡೆ ಹಲ್ಲಿಗೆ ತಿಕ್ಕುವ ಮಿಶ್ರಿ. ಮುಂಬೈಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಗೆಯಿಲ್ಲದ ತಂಬಾಕು ಬಳಸಿದ ತಾಯಂದಿರ ಕೂಸುಗಳು ಸರಾಸರಿ 105 ಗ್ರಾಂ ಹಗುರವಾಗಿ ಹುಟ್ಟಿದವು.

ಡಾಕ್ಟರು ‘ಸಿಗರೇಟ್ ಸೇದುತ್ತೀರಾ’ ಎಂದು ಕೇಳುತ್ತಾರೆ, ಕಡ್ಡಿಪುಡಿಯ ವಿಷಯ ಕೇಳುವುದಿಲ್ಲ. ಬಸುರಿಯೂ ಹೇಳುವುದಿಲ್ಲ. ವಾಕರಿಕೆ ತಡೆಯಲು ಎಲೆ ಅಡಿಕೆ ಮೆಲ್ಲುವವರಿದ್ದಾರೆ. ಅಡಿಕೆಯೂ ಬೇಡ. ಬಾಯಾಡಿಸಲು ಸೋಂಪು ಕಾಳು ಸಾಕು.

ಆರನೇ ಹೆಜ್ಜೆ: ಸೀಸ, ಕಣ್ಣಿಗೆ ಕಾಣದ ಕಳ್ಳ

ಸೀಸ ಮೂಳೆಯಲ್ಲಿ ಕೂರುವ ಲೋಹ. ಹುಡುಗಿಯಾಗಿದ್ದಾಗ ಮೈಸೇರಿದ್ದು ದಶಕಗಳ ನಂತರ, ಬಸುರಿನಲ್ಲಿ ಮಗುವಿನ ಮೂಳೆಗೆಂದು ತಾಯಿಯ ಮೂಳೆ ಕರಗುವಾಗ, ಕ್ಯಾಲ್ಸಿಯಮ್ಮಿನ ಜೊತೆ ರಕ್ತಕ್ಕೆ ಇಳಿಯುತ್ತದೆ. ಮಾಸು ಅದನ್ನು ತಡೆಯುವುದಿಲ್ಲ. ತಾಯಿಯ ಬಿಪಿ ಏರುತ್ತದೆ, ಮಗುವಿನ ಮಿದುಳಿಗೆ ಪೆಟ್ಟು. ಇಷ್ಟು ಮಟ್ಟದವರೆಗೆ ಸುರಕ್ಷಿತ ಎನ್ನುವ ಗೆರೆಯೇ ಸೀಸಕ್ಕಿಲ್ಲ. ನಮ್ಮ ದೇಶದ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ 1990ರ ದಶಕದಲ್ಲೇ ಅಳೆದು ಕೂಗಿ ಹೇಳಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಮನೆಯಿಂದ ಬಿದ್ದಿಲ್ಲ.

ಸೀಮಂತಕ್ಕೆ ಮುಂಚೆ, ಇಲ್ಲವೇ ತವರಿಗೆ ಬಾಣಂತನಕ್ಕೆ ಮಗಳು ಬರುತ್ತಾಳೆಂದು, ಮನೆಗೆ ಬಣ್ಣ ಹೊಡೆಸುತ್ತೇವಲ್ಲ, ಅಪಾಯ ಅಲ್ಲಿಯೇ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಕಿಟಕಿ, ಬಾಗಿಲು, ಗ್ರಿಲ್ಲಿಗೆ ಬಳಿದ ಹಸಿರು, ಹಳದಿ, ಕೆಂಪು ಆಯಿಲ್ ಪೇಂಟನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಏಳುವ ದೂಳು ಸೀಸದ ದೂಳು. ಬಣ್ಣ ಹೊಡೆಸಲೇಬೇಕಾದರೆ ಬಸುರಿ, ಚಿಕ್ಕ ಮಕ್ಕಳು ಆ ವಾರ ಬೇರೆ ಮನೆಯಲ್ಲಿರಲಿ. ಉಜ್ಜುವುದಾದರೆ ನೀರು ಹಾಕಿ ಒದ್ದೆ ಮಾಡಿ ಉಜ್ಜಲಿ, ಮುಗಿದ ಮೇಲೆ ಕಸ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಲಿ. ಇದನ್ನೆಲ್ಲ ಮಾಡಲಾಗದಿದ್ದರೆ ಹಳೆ ಬಣ್ಣವೇ ಇರಲಿ. ಯಾರೂ ಬೈಯುವುದಿಲ್ಲ.

ಅರಿಶಿನ ಎರಡನೆಯದು. ಹಳದಿ ಎದ್ದು ಕಾಣಲಿ ಎಂದು ಲೆಡ್ ಕ್ರೋಮೇಟ್ ಎಂಬ ಸೀಸದ ಬಣ್ಣ ಬೆರೆಸುವ ದಂಧೆಯನ್ನು ಬಾಂಗ್ಲಾದೇಶದಲ್ಲಿ ಸಂಶೋಧಕರು 2019ರಲ್ಲಿ ಬಯಲಿಗೆಳೆದರು. ಅಲ್ಲಿನ ಸರ್ಕಾರ ದಾಳಿ ಮಾಡಿ ಎರಡೇ ವರ್ಷದಲ್ಲಿ ಬಹುಪಾಲು ನಿಲ್ಲಿಸಿತು. ನಮ್ಮ ದೇಶದ ಕೆಲವು ಪೇಟೆಗಳಲ್ಲೂ ಆಮೇಲೆ ಅದು ಸಿಕ್ಕಿದೆ. ಪುಡಿ ಬಿಟ್ಟು ಕೊಂಬು ತಂದರೆ ಸಾಕು ಎನ್ನಬೇಡಿ, ಪಾಲಿಶ್ ಮಾಡುವಾಗ ಕೊಂಬಿಗೇ ಆ ಬಣ್ಣ ಸವರುತ್ತಾರೆ. ಮಂಕಾದ, ಪಾಲಿಶ್ ಇಲ್ಲದ ಕೊಂಬು ಹುಡುಕಿ ಮನೆಯಲ್ಲೇ ಪುಡಿ ಮಾಡಿ. ಕಿತ್ತಳೆ ಬಣ್ಣದ ಅಗ್ಗದ ಸಿಂಧೂರ, ಊರೂರು ತಿರುಗಿ ಮಾರುವವರ ಕಾಡಿಗೆ, ಕಲಾಯಿ ಹೇಗಿದೆಯೋ ಗೊತ್ತಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಾಡುವ ಹುಣಸೆ ಸಾರು, ಇವೂ ಅನುಮಾನದ ಪಟ್ಟಿಯಲ್ಲಿವೆ.

‘ಗರ್ಭ ನಿಲ್ಲಲಿ, ಗಂಡು ಮಗುವಾಗಲಿ’ ಎಂದು ಕೊಡುವ ಭಸ್ಮ, ಗುಳಿಗೆಗಳು ಖಂಡಿತ ಬೇಡ. 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಮಂದಿ ಬಸುರಿಯರ ರಕ್ತದಲ್ಲಿ ಸೀಸ ವಿಪರೀತ ಏರಿದ್ದಕ್ಕೆ ಕಾರಣ ಹುಡುಕಿದಾಗ ಸಿಕ್ಕಿದ್ದು ಭಾರತದಿಂದ ತರಿಸಿಕೊಂಡ ಇಂಥ ಗುಳಿಗೆಗಳೇ. ಹೊರದೇಶದಲ್ಲಿರುವ ಮಗಳಿಗೆ ಚಟ್ನಿಪುಡಿಯ ಜೊತೆ ಮದ್ದನ್ನೂ ಕಟ್ಟಿಕೊಡುವ ತಾಯಂದಿರೇ, ಚಟ್ನಿಪುಡಿ ಮಾತ್ರ ಕಳಿಸಿ.

ಇನ್ನು ಬಯಕೆ. ಬಳಪ, ಸುಟ್ಟ ಮಣ್ಣು, ಬೂದಿ ತಿನ್ನಬೇಕೆನಿಸುವ ಬಸುರಿಯನ್ನು ನೋಡಿ ನಗಬೇಡಿ, ಅದು ಬಹಳ ಸಲ ರಕ್ತಹೀನತೆಯ ಗುರುತು. ಮಣ್ಣಿನಲ್ಲಿ ಸೀಸವಿರಬಹುದು, ಕಬ್ಬಿಣ ಕಡಿಮೆಯಿರುವ ಮೈ ಸೀಸವನ್ನು ಇನ್ನೂ ಬೇಗ ಹೀರಿಕೊಳ್ಳುತ್ತದೆ. ಹಿಮೋಗ್ಲೋಬಿನ್ ನೋಡಿಸಿ. ಕ್ಯಾಲ್ಸಿಯಂ ಚೆನ್ನಾಗಿ ಸಿಕ್ಕರೆ ಮೂಳೆಯಿಂದ ಸೀಸ ಇಳಿಯುವುದು ತಗ್ಗುತ್ತದೆ ಎಂದು ಮೆಕ್ಸಿಕೊದಲ್ಲಿ ಬಸುರಿಯರ ಮೇಲೆ ಮಾಡಿದ ಪ್ರಯೋಗ ತೋರಿಸಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಅಂಬಲಿ ಇಲ್ಲಿ ಕೆಲಸಕ್ಕೆ ಬರುತ್ತವೆ.

ಮನೆಯವರು ಹಳೆ ಬ್ಯಾಟರಿ, ಬೆಸುಗೆ, ಪೇಂಟಿಂಗ್ ಕೆಲಸದಲ್ಲಿದ್ದರೆ ಬಟ್ಟೆ ಬದಲಿಸಿ, ಕೈಕಾಲು ತೊಳೆದು ಒಳಗೆ ಬರಬೇಕು. ಆ ಬಟ್ಟೆಯನ್ನು ಬಸುರಿ ಒಗೆಯಬಾರದು.

ಏಳನೇ ಹೆಜ್ಜೆ: ನೀರು, ಔಷಧಿ ಹೊಡೆಯುವ ಹೊಲ, ಪ್ಲಾಸ್ಟಿಕ್

ಬೋರ್‌ವೆಲ್ ನೀರು ಕುಡಿಯುವವರು ಒಮ್ಮೆ ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸೀಮೆಯ ಕೆಲವು ಹಳ್ಳಿಗಳ ನೀರಿನಲ್ಲಿ ಆರ್ಸೆನಿಕ್ ಇದೆ. ಲೀಟರಿಗೆ 0.01 ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ. ಬಸುರಿನಲ್ಲಿ ಆರ್ಸೆನಿಕ್ ಸೇರಿದ್ದಕ್ಕೂ ಮಗುವಿನ ಬಿಪಿಗೂ ನಂಟಿರುವುದು ಬಾಂಗ್ಲಾದೇಶದಲ್ಲಿ ಕಂಡಿದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಆರ್ಸೆನಿಕ್, ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಗಾಢವಾಗುತ್ತವೆ. ಕೋಲಾರ, ತುಮಕೂರು ಕಡೆಯವರು ಫ್ಲೋರೈಡ್ ಬಗ್ಗೆ ಕೇಳುತ್ತಾರೆ: ಅದರ ಪೆಟ್ಟು ಮುಖ್ಯವಾಗಿ ಹಲ್ಲು, ಮೂಳೆಗೆ.

ಹೊಲ ತೋಟದಲ್ಲಿ ದುಡಿಯುವ ಬಸುರಿ ಔಷಧಿ ಹೊಡೆಯುವ ದಿನ ಹತ್ತಿರ ಹೋಗಬಾರದು, ಮಾರನೇ ದಿನ ಆ ಸಾಲಿನಲ್ಲಿ ಕಳೆ ಕೀಳಬಾರದು. ಔಷಧಿ ಕಲಸಿದ ಬಕೆಟ್ಟು, ಖಾಲಿ ಡಬ್ಬ ಅಡುಗೆಮನೆಗೆ ಬರಬಾರದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ದಕ್ಷಿಣ ಕನ್ನಡ, ಕಾಸರಗೋಡಿನ ಊರುಗಳಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ನಿಲ್ಲಿಸಿತು. ಹೃದಯದ ವಿಷಯಕ್ಕೆ ಬಂದರೆ ಡಿಡಿಟಿಯ ಪುರಾವೆ ಹೆಚ್ಚು: ಕ್ಯಾಲಿಫೋರ್ನಿಯಾದಲ್ಲಿ, ತಾಯಿಯ ಹೊಟ್ಟೆಯಲ್ಲಿದ್ದಾಗ ಹೆಚ್ಚು ಡಿಡಿಟಿ ತಗುಲಿದ ಹೆಣ್ಣುಮಕ್ಕಳಿಗೆ ಐವತ್ತಕ್ಕೂ ಮುಂಚೆ ಬಿಪಿ ಬಂದದ್ದು ಹೆಚ್ಚು.

ಪ್ಲಾಸ್ಟಿಕ್ ಕೊನೆಯಲ್ಲಿರುವುದು ಬೇಕೆಂದೇ. ಅದನ್ನು ಮೆದು ಮಾಡುವ ರಾಸಾಯನಿಕಗಳು ಹಾರ್ಮೋನಿನ ಆಟ ಕೆಡಿಸುತ್ತವೆ ಎಂಬ ಶಂಕೆ ಬಲವಾಗಿದೆ, ಆದರೆ ಸಕ್ಕರೆ, ತಂಬಾಕಿನಷ್ಟು ಗಟ್ಟಿ ಲೆಕ್ಕ ಇನ್ನೂ ಇಲ್ಲ. ಬಿಸಿ ಮತ್ತು ಪ್ಲಾಸ್ಟಿಕ್ ಎರಡೂ ಸೇರದಂತೆ ನೋಡಿಕೊಳ್ಳಿ: ಕವರಿನಲ್ಲಿ ಬಿಸಿ ಸಾಂಬಾರು ಬೇಡ, ಮೈಕ್ರೋವೇವಿನಲ್ಲಿ ಪ್ಲಾಸ್ಟಿಕ್ ಡಬ್ಬ ಬೇಡ, ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಂದ ಇಡ್ಲಿ ಬೇಡ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಆ ಹಾಳೆಯ ಮೇಲೆ ಕ್ರಮಕ್ಕೆ ಇಳಿದದ್ದು ಒಳ್ಳೆಯದಾಯಿತು. ಮನೆಯಲ್ಲಿರುವ ಪ್ಲಾಸ್ಟಿಕ್ಕನ್ನೆಲ್ಲ ಎಸೆದು ದುಡ್ಡು ಸುರಿಯುವ ಅಗತ್ಯವಿಲ್ಲ.

ಎಂಟನೇ ಹೆಜ್ಜೆ: ಹೃದಯದ ಸ್ಕ್ಯಾನ್, ಹೆರಿಗೆಯಾದ ಮೇಲಿನ ಕೆಲಸ

18ರಿಂದ 22ನೇ ವಾರದ ಸ್ಕ್ಯಾನಿನಲ್ಲಿ ಹೃದಯದ ನಾಲ್ಕು ಕೋಣೆ ನೋಡಿದಿರಾ ಎಂದು ಕೇಳಿರಿ. ತಾಯಿಗೆ ಮೊದಲಿನಿಂದ ಸಕ್ಕರೆ ಕಾಯಿಲೆ ಇದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಹುಟ್ಟು ಹೃದಯದೋಷ ಇದ್ದರೆ ಮಗುವಿನ ಹೃದಯದ ಎಕೋ ಬೇಕಾಗಬಹುದು. ಹುಟ್ಟಿದ ಒಂದು ದಿನದ ಮೇಲೆ ಕೈಗೂ ಕಾಲಿಗೂ ಆಕ್ಸಿಮೀಟರ್ ಹಾಕಿ ಆಮ್ಲಜನಕ ನೋಡುವ ಪರೀಕ್ಷೆಯನ್ನೂ ಕೇಳಿ. ಹಾಲು ಕುಡಿಯುವಾಗ ಹಣೆ ಬೆವರುವುದು, ನಡುನಡುವೆ ಸುಸ್ತಾಗಿ ಬಿಡುವುದು, ಏದುಸಿರು, ತುಟಿ ನೀಲಿಯಾಗುವುದು, ತೂಕ ಏರದಿರುವುದು ಕಂಡರೆ ದೃಷ್ಟಿ ತೆಗೆಯುತ್ತ ಕೂರದೆ ಆಸ್ಪತ್ರೆಗೆ ಓಡಿ.

ಬಾಣಂತಿ ಕೋಣೆಯಲ್ಲಿ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೂಸಿನ ತಲೆಗೆ ಹೊಗೆ ಕೊಡುವುದು ನಿಲ್ಲಲಿ. ಒಂಬತ್ತು ತಿಂಗಳು ಹೊಗೆ ತಪ್ಪಿಸಿ ಹತ್ತನೇ ತಿಂಗಳು ನೇರವಾಗಿ ಮೂಗಿಗೇ ಹಿಡಿಯುವುದೇ? ಕೂದಲನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆರು ತಿಂಗಳು ಎದೆಹಾಲು ಮಾತ್ರ.

ಮುಂದಿನದು ನಮಗೆ ಅತ್ಯಂತ ಕಷ್ಟದ್ದು. ಹಗುರವಾಗಿ ಹುಟ್ಟಿದ ಮಗುವನ್ನು ‘ಗುಂಡಗೆ’ ಮಾಡುವ ಹಟ. ದೆಹಲಿಯಲ್ಲಿ 1969–72ರಲ್ಲಿ ಹುಟ್ಟಿದ ಸುಮಾರು 1,500 ಮಂದಿಯನ್ನು ಮೂವತ್ತರ ವಯಸ್ಸಿನ ಹೊತ್ತಿಗೆ ಪರೀಕ್ಷಿಸಿದಾಗ, ಸಕ್ಕರೆ ಕಾಯಿಲೆ ಅಥವಾ ಅದರ ಹೊಸ್ತಿಲಲ್ಲಿ ಇದ್ದವರು ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಓರಗೆಯವರಿಗಿಂತ ಬೇಗ ಬೇಗ ಮೈತುಂಬಿಕೊಂಡವರಾಗಿದ್ದರು. ಆಗಲೂ ಅವರಲ್ಲಿ ಹೆಚ್ಚಿನವರು ಕಣ್ಣಿಗೆ ದಪ್ಪ ಕಾಣುತ್ತಿರಲಿಲ್ಲ. ಹಾಗಾಗಿ ಮೊದಲ ಎರಡು ವರ್ಷ ಚೆನ್ನಾಗಿ ಬೆಳೆಯಲಿ, ಆಮೇಲೆ ಬೇಕರಿ ತಿಂಡಿ, ಸಿಹಿ ಪಾನೀಯಗಳಿಂದ ತೂಕ ಏರಿಸಬೇಡಿ. ಅಂಗನವಾಡಿಯ ಬೆಳವಣಿಗೆ ನಕ್ಷೆಯಲ್ಲಿ ಚುಕ್ಕಿ ಎಲ್ಲಿದೆ ಎಂಬುದಕ್ಕಿಂತ ಗೆರೆ ಯಾವ ಕಡೆ ತಿರುಗುತ್ತಿದೆ ನೋಡಿ.

ಅವಧಿಗೆ ಮುನ್ನ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆ ಇದ್ದ, ಇಲ್ಲವೇ ಬಸುರಿನ ಸಕ್ಕರೆ ಇದ್ದ ತಾಯಿಯ ಮಗುವಿಗೆ ಮೂರು ವರ್ಷದಿಂದ, ಡಾಕ್ಟರು ಹೇಳಿದರೆ ಇನ್ನೂ ಮುಂಚೆಯಿಂದಲೇ, ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ತೋಳಿಗೆ ಸುತ್ತುವ ಬಿಪಿ ಪಟ್ಟಿ ಮಕ್ಕಳದೇ ಬೇರೆ, ದೊಡ್ಡವರದನ್ನು ಸುತ್ತಿದರೆ ಲೆಕ್ಕ ತಪ್ಪುತ್ತದೆ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಗೆ, ದಪ್ಪಗೆ ಆಗಿದ್ದರೆ ತಿಕ್ಕಿ ತಿಕ್ಕಿ ತೊಳೆಯಬೇಡಿ, ಅದು ಕೊಳೆಯಲ್ಲ. ಇನ್ಸುಲಿನ್ ನಾಟುತ್ತಿಲ್ಲ ಎಂಬ ಸೂಚನೆ, ಸಕ್ಕರೆ ಪರೀಕ್ಷೆ ಮಾಡಿಸಿ.

ತಾಯಿಗೂ ಹೆರಿಗೆಯಾದ ಆರು ವಾರಕ್ಕೆ ಸಕ್ಕರೆ ಪರೀಕ್ಷೆ ಇದೆ. ಕೂಸಿನ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ.

ಇಷ್ಟಾದ ಮೇಲೆ ತಾಯಿ ಕಾರ್ಡನ್ನು ಎತ್ತಿಡಿ. ಹೆರಿಗೆ ಮುಗಿಯಿತೆಂದು ಅದರ ಹಾಳೆ ಹರಿದು ದಿನಸಿ ಚೀಟಿ ಬರೆದವರನ್ನು ನಾನು ಕಂಡಿದ್ದೇನೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ (ಅದಕ್ಕೆ ಪ್ಲಾಸ್ಟಿಕ್ ಒಳ್ಳೆಯದೇ) ಮಗುವಿನ ಜನನ ಪ್ರಮಾಣಪತ್ರದ ಜೊತೆ ಇಡಿ. ಹಿಂಬದಿಯಲ್ಲಿ ಕೈಯಾರೆ ಬರೆಯಿರಿ: ಎಷ್ಟನೇ ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಉದ್ದ ಎಷ್ಟು, ಅಮ್ಮನಿಗೆ ಸಕ್ಕರೆ ಅಥವಾ ಬಿಪಿ ಇತ್ತೇ, ಯಾವ ಮಾತ್ರೆ ತೆಗೆದುಕೊಂಡಳು. ಮಗುವಿಗೆ ಹದಿನೆಂಟಾದಾಗ ಅದರ ಕೈಗೆ ಕೊಡಿ, ಮುಂದೆ ಅದರ ಹೃದಯ ನೋಡುವ ಡಾಕ್ಟರು ಕೇಳುತ್ತಾರೆ.